ಒಲೆ ಹಚ್ಚಬೇಡಿ

ನಮ್ಮತ್ತೆಯ ಬಲಗೈ ನಡುಬೆರಳಿನ ಪಕ್ಕದಲ್ಲಿ ಒಂದು ಸಣ್ಣ ಜಡ್ಡು ಇತ್ತು. ಪೆನ್ನು ಒತ್ತಿ ಒತ್ತಿ ಆದದ್ದು. ಕುಡುಗೋಲು ಹಿಡಿದು ಆದ ಜಡ್ಡುಗಳು ಅಂಗೈಯಲ್ಲಿ ಬೇರೆ ಇದ್ದವು. ಅಂಥವು ನಮ್ಮ ಬೀದಿಯ ಎಲ್ಲ ಹೆಂಗಸರ ಕೈಯಲ್ಲೂ ಇದ್ದವು. ಬೆರಳಿನ ಈ ಜಡ್ಡು ಮಾತ್ರ ಅವರೊಬ್ಬರದೇ. ಸುಮ್ಮನೆ ಕೂತಾಗ ಹೆಬ್ಬೆರಳಿನಿಂದ ಅದನ್ನು ಸವರುತ್ತಿರುತ್ತಿದ್ದರು.

ನಮ್ಮೂರು ಕೆ.ಆರ್. ಪೇಟೆ ತಾಲ್ಲೂಕಿನದು, ಸಿಂಧಘಟ್ಟದ ಕಡೆ. ಕಬ್ಬು ಕಡಿಯುವ ಕಾಲದಲ್ಲಿ ಮಾಕವಳ್ಳಿ ಕಾರ್ಖಾನೆಗೆ ಹೋಗುವ ಟ್ರಾಕ್ಟರುಗಳ ಧೂಳು ನಮ್ಮ ಜಗಲಿಯ ಮೇಲೆ ಬಂದು ಕೂರುತ್ತದೆ. ಆ ಜಗಲಿಯೇ ಅತ್ತೆಯ ಕಚೇರಿ. ಏಳನೇ ಕ್ಲಾಸು ಓದಿದ್ದ ಅವರು ಸೊಸೆಯಾಗಿ ಬಂದ ಕಾಲಕ್ಕೆ ಬೀದಿಯಲ್ಲಿ ಬರೆಯಲು ಬರುತ್ತಿದ್ದ ಹೆಂಗಸು ಬೇರೆ ಯಾರೂ ಇರಲಿಲ್ಲ. ನಾಗಮಂಗಲಕ್ಕೋ ಪಾಂಡವಪುರಕ್ಕೋ ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೆ ತಾಯಂದಿರು ಕಾಗದ ಬರೆಸಬೇಕಾದರೆ ಮಧ್ಯಾಹ್ನ ಊಟ ಮುಗಿಸಿ, ಸೆರಗಿನಲ್ಲಿ ಇನ್‌ಲ್ಯಾಂಡ್ ಕಾಗದ ಕಟ್ಟಿಕೊಂಡು ಅಲ್ಲಿಗೆ ಬರುತ್ತಿದ್ದರು. ನಾನು ಮದುವೆಯಾಗಿ ಬಂದಾಗಲೂ ಇನ್ನೂ ಅದು ನಡೆದಿತ್ತು.

ಅವರು ಕಾಗದ ಬರೆಯುವುದನ್ನು ನೋಡುವುದೇ ಒಂದು ಚೆಂದ. ಹೇಳುವವರು ಮಗಳ ಹೆಸರು ಹೇಳಿದೊಡನೆ ಮಾತು ನಿಲ್ಲಿಸಿಬಿಡುತ್ತಿದ್ದರು. ಅತ್ತೆ "ಮುಂದಕ್ಕೆ ಯೋಳು" ಎಂದು ಒಂದು ದಿನವೂ ಅವಸರ ಮಾಡಿದ್ದನ್ನು ನಾನು ಕಾಣೆ. ಪೆನ್ನನ್ನು ಕಾಗದದಿಂದ ಒಂದಿಷ್ಟು ಮೇಲೆತ್ತಿ ಹಿಡಿದು, ಬೀದಿಯ ಕಡೆ ನೋಡುತ್ತ ಕಾಯುತ್ತಿದ್ದರು. ಮಾತು ತಾನಾಗಿ ಬಂದಮೇಲೆ ಬರೆಯುತ್ತಿದ್ದರು.

ಎಲ್ಲರಿಗಿಂತ ಬಾಯಿ ಜೋರಿದ್ದವರು ಎದುರುಮನೆ ಚಿಕ್ಕತ್ತೆ. ನಂಟಸ್ತಿಕೆಯಲ್ಲಿ ದೂರ, ಬಾಗಿಲು ಮಾತ್ರ ಹತ್ತಿರ. ಒಂದು ಸಲ ಮಗಳ ಅತ್ತೆಮನೆಯವರ ಮೇಲೆ ಸಿಟ್ಟಾಗಿ, ಅವರ ವಂಶವನ್ನೆಲ್ಲ ಸೇರಿಸಿ ಬೈದು, ಇದನ್ನು ಹೀಗೇ ಬರಿ ಎಂದರು. ಅತ್ತೆ ಪೆನ್ನಿನ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು.

"ನಂತಾವ ಎಷ್ಟಾದ್ರೂ ಬೈಯವ್ವ, ಕೇಳ್ತೀನಿ. ಇದನ್ನ ಬರ್ಯಾಕಿಲ್ಲ. ಬರುದ್ರೆ ಆ ಮಗ ದಿನಾ ತಗ್ದು ಓದ್ಕಂಡು ಅಳ್ತದೆ."

ಚಿಕ್ಕತ್ತೆ ಇವರಿಗೂ ನಾಲ್ಕು ಬೈದು ಎದ್ದು ಹೋದರು. ಮಾರನೆಯ ದಿನ ಬಂದು, ಹಬ್ಬಕ್ಕೆ ಕರೆದುಕೊಂಡು ಬರಲು ಅಣ್ಣನನ್ನು ಕಳಿಸುತ್ತೇನೆಂದು ಬರೆಸಿದರು.

ನಾನು ಮೈಸೂರಿನಲ್ಲಿ ಕಾನ್ವೆಂಟ್ ಓದಿದವಳು. ದುಂಡಗೆ ಬರೆಯುವುದನ್ನೂ, ಮೆಲ್ಲಗೆ ಮಾತಾಡುವುದನ್ನೂ ಸಿಸ್ಟರುಗಳು ಕಲಿಸಿದ್ದರು. ಈ ಬೀದಿಯಲ್ಲಿ ಯಾರನ್ನು ಏನೆಂದು ಕರೆಯಬೇಕು ಎನ್ನುವುದು ಅವರ ಪಾಠದಲ್ಲಿ ಇರಲಿಲ್ಲ. ಬಂದ ಹೊಸದರಲ್ಲಿ ಎಲ್ಲರನ್ನೂ ಆಂಟಿ ಎನ್ನುತ್ತಿದ್ದೆ, ಅವರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು.

ಆ ವರ್ಷ ನಾದಿನಿಯ ಮದುವೆಗೆ ಊರು ಕರೆಯಲು ಅತ್ತೆ ನನ್ನನ್ನು ಜೊತೆಗೆ ಹೊರಡಿಸಿದರು. ನಮ್ಮಲ್ಲಿ ಕಾರ್ಡು ಕೊಟ್ಟರೆ ಕರೆದಂತಲ್ಲ. ಮನೆಯ ಹಿರಿಯ ಹೆಂಗಸು ಕುಂಕುಮದ ಭರಣಿ ಹಿಡಿದು ಮನೆಮನೆಗೂ ಹೋಗಿ, ಆ ಮನೆಯವಳ ಹಣೆಗಿಟ್ಟು, ಇಂಥ ದಿನ ಚಪ್ಪರ, ಇಂಥ ದಿನ ಧಾರೆ, ಒಲೆ ಹಚ್ಚಬೇಡಿ, ಎಲ್ಲರೂ ನಮ್ಮನೆಗೇ ಊಟಕ್ಕೆ ಬನ್ನಿ ಎಂದು ಬಾಯಿಬಿಟ್ಟು ಹೇಳಬೇಕು. ಹೊಸಿಲಿನಲ್ಲಿ ನಿಂತು ಆ ಮನೆಯವರನ್ನು ಸರಿಯಾದ ನಂಟಿನಿಂದ ಕರೆಯದಿದ್ದರೆ ಊಟಕ್ಕೆ ಬರುವುದಿಲ್ಲ ಎನ್ನುವವರೂ ಇದ್ದಾರೆ.

ಪ್ರತಿ ಬಾಗಿಲಿಗೂ ಮೊದಲು ಅತ್ತೆ ನನ್ನ ಕಿವಿಯಲ್ಲಿ ಹೇಳುತ್ತಿದ್ದರು, ಇವರು ನಿನಗೆ ಸೋದರತ್ತೆ, ಇವರು ವಾರಗಿತ್ತಿ, ಇವರು ಅಜ್ಜಿ ಎಂದು. ಆದರೂ ಒಳಗೆ ಕಾಲಿಟ್ಟರೆ ಆ ನಂಟು ನನ್ನ ನಾಲಿಗೆಗೆ ಬರುತ್ತಿರಲಿಲ್ಲ. ನನ್ನ ಬದಲು ಅವರು ಹೇಳಿಬಿಡಬಹುದಿತ್ತು. ಹಾಗೆ ಮಾಡಲಿಲ್ಲ. "ಎಮ್ಮೆ ಕರ ಹಾಕ್ತೇನವ್ವ?" ಎಂದು ಮನೆಯವರನ್ನು ಕೇಳುತ್ತಿದ್ದರು. ಅವರು ಎಮ್ಮೆಯ ಕಥೆ ಹೇಳಿ ಮುಗಿಸುವಷ್ಟರಲ್ಲಿ ನನಗೆ ಮಾತು ಕೂಡಿ ಬರುತ್ತಿತ್ತು. ಮನೆಗೆ ಬರುವ ದಾರಿಯಲ್ಲಿ, ಎಲ್ಲರ ಮನೆಯಲ್ಲೂ ಎಮ್ಮೆಯನ್ನೇ ಯಾಕೆ ಕೇಳಿದಿರಿ ಎಂದೆ. "ನಿಂಗೆ ಒಸಿ ಪುರುಸೊತ್ತು ಬೇಕಿತ್ತಲ್ಲ ಮಗ" ಎಂದರು.

ಹೀಗೆ ನನ್ನ ಬಾಯಿಗೆ ಊರಿನ ಮಾತು ತುಂಬಿದವರ ಬಾಯಿಂದ, ಎಷ್ಟೋ ವರ್ಷಗಳ ಮೇಲೆ, ಮಾತು ಜಾರತೊಡಗಿದ್ದು ಮೊದಲು ಅಡುಗೆಮನೆಯಲ್ಲಿ. ಹುಣಸೆಹಣ್ಣು ಎನ್ನಲು ಹೋಗಿ ನಿಂತು, "ಅದೇ, ಸಾರಿಗೆ ಕಿವುಚ್ತೀವಲ್ಲ" ಎಂದರು. ಬಾಚಣಿಗೆ "ತಲೆದು" ಆಯಿತು. ವಯಸ್ಸು ಎಂದುಕೊಂಡೆವು. ಆದರೆ ಅವರು ಗಡಿಯಾರ ನೋಡಿ ಗಂಟೆ ಹೇಳುತ್ತಿದ್ದರು, ಸಾರಿಗೆ ಉಪ್ಪು ತಪ್ಪುತ್ತಿರಲಿಲ್ಲ, ದಾರಿ ಮರೆಯುತ್ತಿರಲಿಲ್ಲ. ವಸ್ತು ಗೊತ್ತು, ಅದರ ಹೆಸರು ಮಾತ್ರ ಬಾಗಿಲ ಹಿಂದೆ ನಿಂತು ಒಳಗೆ ಬರುತ್ತಿರಲಿಲ್ಲ.

ಆಮೇಲೆ ನನ್ನ ಮಗಳ ಮದುವೆ ಗೊತ್ತಾಯಿತು. ಕಾರ್ಡುಗಳ ಮೇಲೆ ಹೆಸರು ಬರೆಯುವುದು ಯಾವಾಗಲೂ ಅತ್ತೆಯ ಕೆಲಸ. ಅರಿಶಿನದ ಬಟ್ಟಲು, ಕಾರ್ಡಿನ ಕಟ್ಟು ಇಟ್ಟುಕೊಂಡು ಜಗಲಿಯಲ್ಲಿ ಕೂತರು. ಕಾಫಿ ತೆಗೆದುಕೊಂಡು ಹೋದಾಗ ನೋಡಿದೆ: ಕಾರ್ಡಿನ ಮೇಲೆ ಕಾರ್ಡು, ಎಲ್ಲದರ ಮೇಲೂ "ಶ್ರೀಮತಿ" ಎಂದಷ್ಟೇ ಇತ್ತು. ಮುಂದೆ ಖಾಲಿ. ಆ ಅಕ್ಷರಗಳೂ ಅವರದಾಗಿರಲಿಲ್ಲ, ಒಂದು ಚಿಕ್ಕದು ಒಂದು ದೊಡ್ಡದಾಗಿ ಕೆಳಕ್ಕೆ ಇಳಿದು ಹೋಗಿದ್ದವು.

ಪೆನ್ನು ಸರಿಯಿಲ್ಲ ಎಂದರು. ಬೇರೆ ತಂದುಕೊಟ್ಟೆ. ಅದನ್ನು ಕಾರ್ಡಿನ ಮೇಲೆ ಊರಿ ನೋಡಿದರು, ಆಮೇಲೆ ನನ್ನ ಕೈಗೇ ಕೊಟ್ಟರು.

"ನಂಗೆ ಮರ್ತೋದ್ರೂ ಕೈಗೆ ಗೊತ್ತಿರ್ತಿತ್ತು ಮಗ. ಈಗ ಕೈಗೂ ಗೊತ್ತಾಯ್ತಿಲ್ಲ."

ಹೆಬ್ಬೆರಳು ಜಡ್ಡನ್ನು ಸವರುತ್ತಿತ್ತು. ಹೆಸರುಗಳನ್ನು ನಾನು ಬರೆದೆ, ಅವರು ಕಾರ್ಡಿನ ನಾಲ್ಕು ಮೂಲೆಗೂ ಅರಿಶಿನ ಹಚ್ಚಿದರು. ಒಂದು ಕಾರ್ಡೂ ತಪ್ಪಲಿಲ್ಲ.

ಮೈಸೂರಿನ ಡಾಕ್ಟರು ಇದು ಮರೆವಿನ ಕಾಯಿಲೆಯ ಶುರು ಎಂದರು. ಕೆಲವರಿಗೆ ಮೊದಲು ಮಾತು, ಬರಹ ತಡವರಿಸುತ್ತವೆ, ಅರ್ಥವಾಗುವುದೆಲ್ಲ ಅರ್ಥವಾಗುತ್ತಿರುತ್ತದೆ. ಅವಸರ ಮಾಡಬೇಡಿ, ಪರೀಕ್ಷೆ ಮಾಡಿದ ಹಾಗೆ ಕೇಳಬೇಡಿ, ಹೇಳುವವರೆಗೂ ಕಾಯಿರಿ ಎಂದರು. ಕಾಯುವುದನ್ನು ನಾನು ಯಾರಿಂದ ಕಲಿತೆ ಎಂದು ಆ ಡಾಕ್ಟರಿಗೆ ಗೊತ್ತಿರಲಿಲ್ಲ.

ಆಗ ಎದ್ದದ್ದು ಊರು ಕರೆಯುವ ಮಾತು. ಅವ್ವನನ್ನು ಕಳಿಸುವುದು ಬೇಡ ಎಂದರು ನನ್ನ ಗಂಡ. ಯಾರದೋ ಹೊಸಿಲಿನಲ್ಲಿ ಮಾತು ಬರದೆ ನಿಂತರೆ ಊರೆಲ್ಲ ಆಡಿಕೊಳ್ಳುತ್ತಾರೆ, ಒಂದು ಕಾಲದಲ್ಲಿ ಊರಿಗೇ ಮಾತು ಬರೆದುಕೊಟ್ಟವಳು, ಅವಳನ್ನು ಹಾಗೆ ನಿಲ್ಲಿಸಬೇಡ ಎಂದರು. ಅವರ ಕಣ್ಣು ತುಂಬಿತ್ತು. ಸಿಟ್ಟಿನಿಂದ ಆಡಿದ ಮಾತಲ್ಲ. ಒಳಗಿದ್ದ ಅತ್ತೆಗೆ ಎಲ್ಲ ಕೇಳಿಸಿತ್ತು. ಈಚೆ ಬಂದು, ದೇವರ ಗೂಡಿನಿಂದ ಕುಂಕುಮದ ಭರಣಿ ತೆಗೆದು ಸೆರಗಿನಲ್ಲಿ ಒರೆಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ನಾನು ಚಪ್ಪಲಿ ಹಾಕಿಕೊಂಡೆ.

ಮೊದಲ ಮನೆಯೇ ಎದುರುಮನೆ. ಚಿಕ್ಕತ್ತೆ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಅತ್ತೆ ಹೋಗಿ ಹಣೆಗೆ ಕುಂಕುಮ ಇಟ್ಟರು. ಬಾಯಿ ತೆರೆದರು. ತುಟಿ ಅಲ್ಲಾಡಿತು, ಏನೂ ಬರಲಿಲ್ಲ. ಒಮ್ಮೆ ನನ್ನ ಮುಖ ನೋಡಿದರು.

ನನಗೆ ತೋಚಿದ್ದು ಒಂದೇ. "ಎಮ್ಮೆ ಕರ ಹಾಕ್ತಾ ಚಿಕ್ಕತ್ತೆ?" ಎಂದೆ.

ಚಿಕ್ಕತ್ತೆ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. "ಯಾವ ಎಮ್ಮೆ? ನಮ್ಮೆಮ್ಮೆ ಮಾರಿ ಆ ದುಡ್ನಲ್ಲಿ ತಂದ ಟೀವಿನೂ ಕೆಟ್ಟೋಯ್ತು. ದಿನಾ ಎದುರುಗಡೆ ಇದ್ಕಂಡು ಕೇಳ್ತಾವ್ಳೆ ನೋಡು, ಕಾನ್ವೆಂಟ್ ಓದ್ದೋಳು."

ಅತ್ತೆಗೆ ನಗು ಬಂತು. ನಗುತ್ತಲೇ ಮತ್ತೆ ಬಾಯಿ ತೆರೆದರು, ಮತ್ತೆ ನಿಂತರು. ಈ ಸಲ ಚಿಕ್ಕತ್ತೆಗೆ ತಿಳಿಯಿತು. ಅವರ ಕೈಯಲ್ಲಿದ್ದ ಅವರೆಕಾಯಿ ಹಾಗೇ ಉಳಿಯಿತು. ನನಗೆ ಭಯವಾಯಿತು, ಆ ಬಾಯಿಯಿಂದ ಏನು ಬರುತ್ತದೋ ಹೇಳುವ ಹಾಗಿರಲಿಲ್ಲ.

ಅವರು ಮೊರವನ್ನು ಪಕ್ಕಕ್ಕೆ ಸರಿಸಿ, ಅತ್ತೆಯ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

"ನಿಧಾನಕ್ಕೆ ಯೋಳಕ್ಕ. ನಾನೇನು ಬಸ್ಸಿಗೆ ವೋಗ್ಬೇಕಾ? ನಂಗೆ ಬಾಯಿ ಕಟ್ದಾಗ ನೀನು ಪೆನ್ನು ಹಿಡ್ಕಂಡು ಕುಂತಿರ್ತಿರ್ಲಿಲ್ವಾ."

ಹೇಳಿ, ಕಾಗದ ಬರೆಯುವಾಗ ಅತ್ತೆ ನೋಡುತ್ತಿದ್ದ ಹಾಗೇ ಬೀದಿಯ ಕಡೆ ನೋಡುತ್ತ ಕೂತರು. ಒಂದು ಕಬ್ಬಿನ ಟ್ರಾಕ್ಟರು ಹೋಯಿತು. ಅದರ ಸದ್ದು ಪೂರಾ ಅಡಗಿತು. ಆಮೇಲೆ ಅತ್ತೆ ಹೇಳಿದರು:

"ಒಲೆ... ಹಚ್ಬೇಡಿ."

ಅಷ್ಟೇ. ಯಾವತ್ತು ಚಪ್ಪರ, ಯಾವತ್ತು ಧಾರೆ, ಯಾರ ಮದುವೆ, ಒಂದೂ ಇಲ್ಲ. ಚಿಕ್ಕತ್ತೆ "ಹಚ್ಚಾಕಿಲ್ಲ ಬುಡಕ್ಕ, ಎಲ್ರೂ ಬತ್ತೀವಿ" ಎಂದು ಎದ್ದು, ಸೆರಗು ಸರಿಮಾಡಿಕೊಂಡು ನಮ್ಮ ಜೊತೆಗೇ ಹೊರಟರು. ಮೊರ ಅಲ್ಲೇ ಉಳಿಯಿತು.

ಅಂದು ಆ ಬೀದಿಯಲ್ಲಿ ನಡೆದದ್ದನ್ನು ನೆನೆದರೆ ಈಗಲೂ ಮನಸ್ಸು ತುಂಬುತ್ತದೆ. ಚಿಕ್ಕತ್ತೆ ನಮಗಿಂತ ನಾಲ್ಕು ಹೆಜ್ಜೆ ಮುಂದೆ ಹೋಗಿ ಬಾಗಿಲಲ್ಲಿ ಅದೇನು ಹೇಳಿದರೋ, ಯಾರ ಮನೆಯಲ್ಲೂ ಯಾರೂ ಅತ್ತೆಯ ಮುಖವನ್ನು ಎವೆಯಿಕ್ಕದೆ ನೋಡಲಿಲ್ಲ. ಮಣೆ ಹಾಕಿದರು, ನೀರು ಕೊಟ್ಟರು, ಕಾದರು. ಕೆಲವು ಮನೆಯಲ್ಲಿ ಮಾತು ಬಂತು, ಕೆಲವು ಮನೆಯಲ್ಲಿ ಬರಲಿಲ್ಲ. ಬರದ ಕಡೆ ಆ ಮನೆಯವರೇ, ನಾವು ಒಲೆ ಹಚ್ಚುವುದಿಲ್ಲ ಎಂದು ತಾವಾಗಿ ಒಪ್ಪಿಕೊಂಡರು. ಹೊಸದಾಗಿ ಬಂದ ಸೊಸೆಯೊಬ್ಬಳು ಪಾಪ, ಕಾರ್ಡು ವಾಟ್ಸಾಪಿಗೇ ಬಂದಿತ್ತಲ್ಲ, ಬಿಸಿಲಲ್ಲಿ ಯಾಕೆ ಬಂದಿರಿ ಎಂದಳು. "ವಾಟ್ಸಾಪು ಬಂದು ನಿನ್ ಅಣೆಗೆ ಕುಂಕುಮ ಇಟ್ಟದೇನವ್ವ?" ಎಂದು ಚಿಕ್ಕತ್ತೆ ಅವಳ ಬಾಯಿ ಮುಚ್ಚಿಸಿದರು.

ಚಪ್ಪರದ ದಿನ ಮಧ್ಯಾಹ್ನ ನನ್ನ ಗಂಡ ಊಟದ ಪಂಕ್ತಿಯ ತುದಿಯಲ್ಲಿ ನಿಂತು ಬೀದಿಯನ್ನು ನೋಡುತ್ತಿದ್ದರು. ಕರೆದ ಮನೆಗಳೆಲ್ಲ ಬಂದಿದ್ದವು. ಅವರು ಒಳಗೆ ಹೋಗಿ ಅವ್ವನ ಕಾಲ ಹತ್ತಿರ ಕೂತದ್ದನ್ನು ನಾನು ಬಾಗಿಲ ಸಂದಿಯಿಂದ ಕಂಡೆ. ಅತ್ತೆ ಅವರ ತಲೆಯ ಮೇಲೆ ಕೈಯಿಟ್ಟು, "ಉಣ್ಣೋಗ್ಲಾ" ಎಂದರು. ಆ ಮಾತಿಗೆ ಒಂದಿಷ್ಟೂ ತಡವಾಗಲಿಲ್ಲ.

ಆಮೇಲೆ ಮಾತು ಇನ್ನೂ ಕಡಿಮೆಯಾಯಿತು. ಸಂಜೆ ಜಗಲಿಯಲ್ಲಿ ನಾವಿಬ್ಬರೂ ಕೂರುತ್ತಿದ್ದೆವು. ಅವರು ಒಂದು ವಸ್ತುವನ್ನು ತೋರಿಸುವರು, ನಾನು ಹೆಸರು ಹೇಳುವೆ, ಹೌದು ಎನ್ನುವ ಹಾಗೆ ತಲೆಯಾಡಿಸುವರು. ಮೊರ, ಒನಕೆ, ಕಣ್ಣಿಹಗ್ಗ. ನಾನು ಹೇಳಿದ ಹೆಸರೆಲ್ಲ ಅವರು ಕಲಿಸಿದ್ದವೇ.

ಹೋದ ವರ್ಷ, ಅವರೆಕಾಯಿಯ ಕಾಲದಲ್ಲೇ, ಅವರು ಬೆಳಗಿನ ಕಾಫಿ ಕುಡಿದು ಮಲಗಿದವರು ಏಳಲಿಲ್ಲ. ಮಣ್ಣು ಮಾಡಿ ಬಂದು, ಮಿಂದು, ಮನೆಯಲ್ಲಿ ಕೂತಿದ್ದೆವು. ಬಾಗಿಲಲ್ಲಿ ನೆರಳಾಯಿತು. ಚಿಕ್ಕತ್ತೆ. ಒಂದು ಕೈಯಲ್ಲಿ ಅನ್ನದ ತಪ್ಪಲೆ, ಇನ್ನೊಂದರಲ್ಲಿ ಸಾರಿನ ಪಾತ್ರೆ. ಅವರ ಹಿಂದೆ ಬೀದಿಯ ಇನ್ನೂ ಕೆಲವರು, ಎಲ್ಲರ ಕೈಯಲ್ಲೂ ಮುಚ್ಚಿದ ಪಾತ್ರೆ.

"ಒಲೆ ಹಚ್ಬೇಡ ಕಣವ್ವ" ಎಂದರು.

ಒಳಗೆ ಬನ್ನಿ ಎಂದು ಹೇಳಬೇಕಿತ್ತು. ಬಾಯಿ ತೆರೆದೆ, ಮಾತು ಬರಲಿಲ್ಲ. ಚಿಕ್ಕತ್ತೆ ತಪ್ಪಲೆಯ ಭಾರವನ್ನು ಸೊಂಟಕ್ಕೆ ಏರಿಸಿಕೊಂಡು, ಬೀದಿಯ ಕಡೆ ಮುಖ ತಿರುಗಿಸಿ, ಹೊಸಿಲಿನಲ್ಲೇ ಕಾಯುತ್ತ ನಿಂತರು.