ಎದುರು ದಡದ ಕೂಸು

ನನ್ನ ಮುಖ ಕಂಡು ಮಕ್ಕಳು ನಗುವುದು ಅಪರೂಪ. ಹಾಗಾಗಿ ಬೊಮ್ಮನಹಳ್ಳಿಯ ಹೊಸೂರು ರಸ್ತೆಯಾಚೆಯ ಜಗಲಿಯಿಂದ ಕೂಸೊಂದು ದಿನಾ ಬೆಳಿಗ್ಗೆ ನನಗೆ ಕೈ ಬೀಸತೊಡಗಿದಾಗ ಉಬ್ಬಿಹೋದೆ. ಬೊಮ್ಮಸಂದ್ರದ ಕಾರ್ಖಾನೆಗೆ ಹೋಗುವ ನಮ್ಮ ಸ್ಟಾಫ್ ಬಸ್ಸು ನಿಲ್ಲುವುದು ನನ್ನ ಬಾಡಿಗೆ ಮನೆಯ ಮುಂದೆಯೇ. ಕಿಟಕಿ ಸೀಟಿಗಾಗಿ ಸಹೋದ್ಯೋಗಿಯೊಡನೆ ಜಗಳವಾಡಿ ಕೂತು ನಾನೂ ಕೈ ಬೀಸುತ್ತಿದ್ದೆ. ದಾವಣಗೆರೆಯವನ ಮುಖದಲ್ಲಿ ಏನೋ ಇದೆ ಎಂದು ಹೆಂಡತಿಯೆದುರು ಕೊಚ್ಚಿಕೊಂಡೆ. "ಬೆಣ್ಣಿ ಮೆತ್ತಿರಬೇಕು, ಒರೆಸ್ಕೊಳ್ರಿ" ಎಂದಳು.

ರಸ್ತೆಯ ವಿಷಯ ಸ್ವಲ್ಪ ಹೇಳಬೇಕು. ಬರಲಿರುವ ಹೊಸ ಶತಮಾನಕ್ಕೆ ಸಜ್ಜಾಗಬೇಕೆಂದು ಅದನ್ನು ಅಗಲ ಮಾಡಿ ನಡುವೆ ಸಿಮೆಂಟಿನ ಗೋಡೆ ಎಬ್ಬಿಸಿದರು. ಕಾರು, ಲಾರಿಗಳಿಗೆ ಸುಖವಾಯಿತು. ಊರು ಎರಡು ಹೋಳಾಯಿತು. ನಮ್ಮ ಹಿಂದಿನವರು ಹಳ್ಳ ಕಂಡರೆ ಮೊದಲು ದಾಟುವ ಬಗೆ ಯೋಚಿಸಿ ಮರದ ದಿಮ್ಮಿಯನ್ನಾದರೂ ಅಡ್ಡ ಹಾಕುತ್ತಿದ್ದರು. ಈ ಓದಿದವರು ಊರ ನಡುವೆ ಹೊಳೆಯನ್ನೇ ತಂದು ಹರಿಸಿ, ದಾಟುವವರನ್ನು ಮರೆತರು. ನಿಜವಾದ ಹೊಳೆ ಬೇಸಿಗೆಯಲ್ಲಾದರೂ ಬತ್ತುತ್ತದೆ. ನಕ್ಷೆ ಬರೆದ ಪುಣ್ಯಾತ್ಮರು ಕಾರಿನಲ್ಲಿ ಬಂದು ಕಾರಿನಲ್ಲೇ ಹೋಗಿರಬೇಕು.

ನಮ್ಮ ಬಾಡಿಗೆ ಮನೆಯ ಒಡತಿ, ಪಕ್ಕದ ಭಾಗದಲ್ಲೇ ಇರುವ ಮುನಿಯಮ್ಮ, ಇದೇ ಊರಿನವರು. ಮಗಳನ್ನು ದೂರ ಕಳಿಸಲು ಮನಸ್ಸು ಬಾರದೆ, ಒಳ್ಳೊಳ್ಳೆಯ ಸಂಬಂಧ ಬಿಟ್ಟು, ರಸ್ತೆಯಾಚೆಯ ಎದುರು ಮನೆಗೇ ಕೊಟ್ಟವರು. ಆಗ ಕೂಗಿದರೆ ಓಗೊಡುವಷ್ಟು ಹತ್ತಿರ. ಮೊಮ್ಮಗ ಹುಟ್ಟಿದಂದಿನಿಂದ ಎಣ್ಣೆ ಹಚ್ಚಿ ನೀರೆರೆಯುವ ಕೆಲಸ ಇವರದೇ. ಗೋಡೆ ಎದ್ದ ಮೇಲೂ ಮಂಡಿನೋವಿನ ಕಾಲನ್ನೆತ್ತಿ ದಾಟುತ್ತಿದ್ದರು. ಒಂದು ದಿನ ಲಾರಿಯೊಂದು ಸೆರಗು ಸವರಿಕೊಂಡು ಹೋಯಿತು. ಇನ್ನು ಬರಬೇಡಿ ಎಂದು ಅಳಿಯ ಕೈಮುಗಿದ. ದೂರದ ಸರ್ಕಲ್ಲಿಗೆ ನಡೆದು ಸುತ್ತಿ ಬರಲು ಇವರಿಗೆ ಆಗದು. ಮಗಳಿಗೆ ಗಾರ್ಮೆಂಟ್ಸ್ ಕೆಲಸ, ಬಿಡುವಿಲ್ಲ.

ಒಂದು ಬೆಳಿಗ್ಗೆ ಬಸ್ಸಿಗೆ ಹೊರಟ ನನ್ನನ್ನು ಮುನಿಯಮ್ಮ ತಡೆದರು.

"ಸಾರ್, ತಪ್ಪು ತಿಳೀಬ್ಯಾಡಿ. ನಿಮ್ಮ ಬಸ್ಸು ವಸಿ ಮುಂದಕ್ಕೆ ನಿಲ್ಸಕ್ಕೆ ಏಳಿ. ಮಗು ನಂಗೆ ಟಾಟಾ ಮಾಡೋ ಒತ್ಗೇ ಬಂದು ಅಡ್ಡ ನಿಂತ್ಕತದೆ."

"ನಿಮಗಾ?" ಎಂದೆ.

"ಇನ್ಯಾರ್ಗೆ? ನೀರ್ ಉಯ್ಯಕಂತೂ ಆಗಕಿಲ್ಲ, ಮಕಾನಾರ ನೋಡ್ಕಂತೀನಿ."

ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಆದರೆ ಯಾರ ಮೇಲೆ ತೀರಿಸಿಕೊಳ್ಳುವುದು? ಗೋಡೆಗೂ ಕಿವಿಯಿರುತ್ತದೆ ಎನ್ನುತ್ತಾರೆ. ಈ ಗೋಡೆಗಂತೂ ಇದ್ದಂತಿಲ್ಲ.

ಡ್ರೈವರ್ ಒಳ್ಳೆಯವನು. ಈಗ ಬಸ್ಸು ನಾಲ್ಕು ಮಾರು ಮುಂದೆ ನಿಲ್ಲುತ್ತದೆ. ಇಷ್ಟು ದೊಡ್ಡ ರಸ್ತೆಯಲ್ಲಿ ಕಾಲ್ನಡಿಗೆಯವರಿಗಾಗಿ ಆದ ಏರ್ಪಾಡು ಇದೊಂದೇ. ಕಿಟಕಿ ಸೀಟನ್ನು ಸಹೋದ್ಯೋಗಿಗೆ ಬಿಟ್ಟುಕೊಟ್ಟಿದ್ದೇನೆ.

ಈ ಯುಗಾದಿಗೆ ಮಗಳು ಆಟೋದಲ್ಲಿ ಸುತ್ತುಹಾಕಿಕೊಂಡು ಕೂಸನ್ನು ಕರೆತಂದಳು. ಮುನಿಯಮ್ಮ ಹಂಡೆಯಲ್ಲಿ ನೀರು ಕಾಯಿಸಿ, ಬಟ್ಟಲಲ್ಲಿ ಎಣ್ಣೆ ಹಿಡಿದು ಬಾಗಿಲಲ್ಲೇ ಕಾದಿದ್ದರು. ಬಾ ಕಂದಾ ಎಂದು ಕೈ ಚಾಚಿದರು. ಕೂಸಿಗೆ ಅಜ್ಜಿಯ ಗುರುತು ಚೆನ್ನಾಗಿಯೇ ಸಿಕ್ಕಿತು. ನಗುತ್ತಾ ಗೇಟಿನ ಬಳಿಯೇ ನಿಂತು ಕೈ ಬೀಸಿತು. ಹತ್ತಿರ ಮಾತ್ರ ಬರಲಿಲ್ಲ.