ರಜೆಯ ಗೆರೆ

ಸುಣ್ಣದಣ್ಣ ಎಂದರೆ ಆ ಜೈಲಿನಲ್ಲಿ ಎಲ್ಲರಿಗೂ ಗೊತ್ತು. ಇಪ್ಪತ್ತು ವರ್ಷದಿಂದ ಅದರ ಗೋಡೆಗಳಿಗೆ ಸುಣ್ಣ ಬಳಿದವನು. ಮೊದಲು ತಮ್ಮನೂ ಜೊತೆಗಿದ್ದ. ಕೈ ಚೆನ್ನಾಗಿತ್ತು, ಆದರೆ ಬಾಯಿ ಜಾಸ್ತಿ.

"ಪರದೇಶಿಗಳು ಹೋದ್ರು, ಅವರ ಕಾನೂನು ಹೋಗ್ಲಿಲ್ಲ. ಬೀಗಕ್ಕೆ ಎಣ್ಣೆ ಬಿಡೋರು ಮಾತ್ರ ಬದಲಾದ್ರು" ಎಂದು ಬಸ್ ನಿಲ್ದಾಣದಲ್ಲಿ ನಿಂತು ಹೇಳಿದ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಒಂದು ಸೋಮವಾರ ಪೊಲೀಸರು ಎಳೆದೊಯ್ದು ಅದೇ ಜೈಲಿಗೆ ಹಾಕಿದರು. ವಿಚಾರಣೆಯಿಲ್ಲ, ಭೇಟಿಯಿಲ್ಲ. ಅವನಿದ್ದ ಭಾಗಕ್ಕೆ ಅಣ್ಣನನ್ನೂ ಬಿಡಲಿಲ್ಲ. ಪ್ರತಿ ಭಾನುವಾರ ತಾಯಿ ಗೇಟಿಗೆ ಹೋಗಿ ಒಗೆದ ಅಂಗಿ ಕೊಟ್ಟು ಹಿಂದಿನ ವಾರದ್ದನ್ನು ತರುತ್ತಿದ್ದಳು.

"ಈಗೀಗ ಅಂಗಿ ಕೊಳೆನೇ ಆಗಲ್ಲ ಕಣೋ. ಜೈಲು ಅವನಿಗೆ ಶಿಸ್ತು ಕಲಿಸ್ತು ನೋಡು" ಎಂದು ನಗುತ್ತಿದ್ದಳು.

ಇಪ್ಪತ್ತೆಂಟನೆಯ ಭಾನುವಾರ ಗೇಟಿನವನು ಅಂಗಿ ಮುಟ್ಟಲಿಲ್ಲ. "ಮೊನ್ನೆ ಬೇರೆ ಜೈಲಿಗೆ ಕಳ್ಸಿದ್ದಾರಮ್ಮ" ಎಂದ. ಎಲ್ಲಿಗೆ ಎಂದರೆ ಗೊತ್ತಿಲ್ಲ.

ಅದೇ ವಾರ ಜೈಲಿನ ಅಧಿಕಾರಿ ಸುಣ್ಣದಣ್ಣನನ್ನು ಕರೆಸಿದ. ದೇಶದ ನಾಯಕರು ಬರುತ್ತಿದ್ದಾರೆ, ಅವರ ತಂದೆಯನ್ನು ಪರದೇಶಿಗಳು ಕೂಡಿಹಾಕಿದ್ದ ಕೋಣೆ ಸ್ಮಾರಕವಾಗಬೇಕು. ಆ ಕೋಣೆಯ ಮೂಲೆಯಲ್ಲಿ, ಕೂತವನ ಕೈಗೆಟಕುವಷ್ಟು ಎತ್ತರದಲ್ಲಿ, ಗೋಡೆಯ ತುಂಬ ಗೆರೆಗಳು. ಆರು ನಿಂತವು, ಏಳನೆಯದು ಅಡ್ಡ ಮಲಗಿದ್ದು. ಸುಣ್ಣದಣ್ಣ ಕುಕ್ಕರುಗಾಲಲ್ಲಿ ಕೂತು ನೋಡಿದ. ಕೆಲಸದ ದಿನಗಳ ಗುರುತನ್ನು ತಮ್ಮ ಮನೆಯ ಗೋಡೆಯ ಮೇಲೆ ಹೀಗೆಯೇ ಗೀಚುತ್ತಿದ್ದ. "ಭಾನುವಾರ ಗೆರೆಗೂ ರಜ ಬೇಡ್ವಾ ಅಣ್ಣ?"

ಅಧಿಕಾರಿ ಹಿಗ್ಗಿದ. "ನಾಯಕರ ತಂದೆಯವರ ಗೆರೆ! ಇದಿಷ್ಟು ಬಿಟ್ಟು ಉಳಿದದ್ದಕ್ಕೆ ಬಳಿ. ಇದಕ್ಕೆ ಗಾಜು ಹಾಕಿಸೋಣ."

"ಸ್ವಾಮಿ, ಆ ಹಿರಿಯರದ್ದು ಇದ್ರೆ ನಾನು ಬಳಿದಿರೋ ಇಪ್ಪತ್ತು ಪದರದ ಕೆಳಗಿರುತ್ತೆ. ಇದು ಹೊಸದು."

"ಗೆರೆ ಮೇಲೆ ಹೆಸರು ಬರೆದಿದ್ಯಾ? ಹೊಸದಾದ್ರೆ ಹಳೇದು ಮಾಡು. ನಿನ್ನ ತಮ್ಮ ಎಲ್ಲಿದ್ದಾನೆ ಅಂತ ಆಮೇಲೆ ವಿಚಾರಿಸ್ತೀನಿ."

ಆ ಒಂದು ಮಾತಿಗೆ ಸುಣ್ಣದಣ್ಣ ಬಿದ್ದ. ಅವನನ್ನು ಬೈಯುವವರು ಬೈಯಲಿ, ನನಗೆ ಬಾಯಿ ಬರುವುದಿಲ್ಲ. ಚಹಾದ ನೀರಿಗೆ ಮಸಿ ಕಲಸಿ, ಬಟ್ಟೆಯಲ್ಲಿ ಅದ್ದಿ, ತಮ್ಮನ ಒಂದೊಂದು ಗೆರೆಗೂ ಉಜ್ಜಿದ. ಉಜ್ಜುತ್ತಾ ಎಣಿಸಿದ. ಹತ್ತೊಂಬತ್ತು ವಾರ, ಮೇಲೆ ಮೂರು ದಿನ. ಮತ್ತೆ ಎಣಿಸಿದ. ಅಷ್ಟೇ.

ನಾಯಕರು ಬಂದು ಗಾಜಿನ ಮೇಲೆ ಅಂಗೈ ಇಟ್ಟರು. "ಪರಕೀಯರು ನಮ್ಮವರನ್ನು ವಿಚಾರಣೆಯಿಲ್ಲದೆ ಕೊಳೆಸಿದರು. ಈ ಗೆರೆಗಳೇ ನಮ್ಮ ಇತಿಹಾಸ. ಇನ್ನೆಂದೂ ಈ ನೆಲದಲ್ಲಿ ಅಂಥ ಅನ್ಯಾಯ ನಡೆಯದು" ಎಂದರು. ಅತ್ತರು ಕೂಡ. ಆ ಕಣ್ಣೀರು ನಿಜವಾದದ್ದೇ. ನನ್ನ ಹೊಟ್ಟೆ ಉರಿಯುವುದು ಅದಕ್ಕೇ. ಅವರು ಹೋದ ಮೇಲೆ ಸುಣ್ಣದಣ್ಣ ತಮ್ಮನ ವಿಷಯ ಎತ್ತಿದ. ಅಧಿಕಾರಿ "ಯಾವ ತಮ್ಮ?" ಎಂದ.

ಮರುದಿನ ಪತ್ರಿಕೆಯಲ್ಲಿ ಫೋಟೋ ಬಂತು. ಓದಲು ಬಾರದ ತಾಯಿ ಅದನ್ನು ಕಣ್ಣ ಹತ್ತಿರ ಹಿಡಿದಳು.

"ಇದು ಚಿಕ್ಕೋನ ಗೆರೆ ಅಲ್ವೇನೋ? ಎಷ್ಟಿವೆ?"

ಸುಳ್ಳು ಹೇಳಲು ಅವನಿಗೆ ನಾಲಿಗೆ ಹೊರಳಲಿಲ್ಲ. "ಹತ್ತೊಂಬತ್ತು ವಾರ, ಮೂರು ದಿನ."

ತಾಯಿ ಬೆರಳು ಮಡಚಿ ಮಡಚಿ ಲೆಕ್ಕ ಹಾಕಿದಳು. ಎದ್ದು ಹೋಗಿ, ಕೊನೆಯ ಸಲ ಗೇಟಿನಿಂದ ವಾಪಸ್ ಬಂದಿದ್ದ ಅಂಗಿಯನ್ನು ತಂದು ಮಗನ ತೊಡೆಯ ಮೇಲಿಟ್ಟಳು.

"ಕೊನೇ ಏಳು ವಾರ ನಾನು ಮಡಚಿ ಕೊಟ್ಟ ಹಾಗೇ ವಾಪಸ್ ಬಂತು ಕಣೋ. ಬಿಚ್ಚೇ ಇರ್ಲಿಲ್ಲ. ನಾನೇ ಬಿಚ್ಚಿ, ಮತ್ತೆ ಒಗೆದು ಕಳಿಸ್ತಿದ್ದೆ."