ಡೆಲಿಯಾ ಕನೀಲಿ ಕೂಗಿ ಕರೆದದ್ದು

ಐರ್ಲೆಂಡಿನ ಕಡಲ ದಡದ ನಮ್ಮೂರು ರಾಸ್‌ರೋನ್‌ನಲ್ಲಿ ದೋಣಿ ಕಟ್ಟುವ ದಕ್ಕೆಯ ಮೇಲೆ ನಿಂತು "ಕನೀಲಿ!" ಅಂತ ಒಮ್ಮೆ ಕೂಗಿದರೆ ಊರಿನ ಮುಕ್ಕಾಲು ಪಾಲು ಜನ "ಏನು?" ಅಂತ ತಿರುಗುತ್ತಾರೆ. ಉಳಿದ ಕಾಲು ಪಾಲು ಕನೀಲಿಗಳ ಅಳಿಯಂದಿರು. ಹಾಗಾಗಿ ನಮ್ಮಲ್ಲಿ ಮನೆತನದ ಹೆಸರಿಗೆ ಮರ್ಯಾದೆ ಉಂಟೇ ಹೊರತು ಉಪಯೋಗವಿಲ್ಲ. ಅಪ್ಪನ ಹೆಸರು, ಅಜ್ಜನ ಹೆಸರು ಬಾಲಕ್ಕೆ ಕಟ್ಟಿದರೇ ಇಂಥವರು ಅಂತ ಗೊತ್ತಾಗುವುದು. ನಾನು ಸಬೀನಾ, ಕೆಂಪುಕೂದಲಿನ ಪೀಟರನ ಮಗಳು. ಅವಳು ಡೆಲಿಯಾ, ಟಾಮನ ಮಗ ಕೋಲ್ಮನನ ಮಗಳು. ಮದುವೆಯಾದದ್ದೂ ಇನ್ನೊಬ್ಬ ಕನೀಲಿಯನ್ನೇ. "ಸಹಿ ಕೂಡ ಬದಲಾಯಿಸ್ದೆ ಸಂಸಾರ ಮಾಡ್ದೋಳು ನಾನು" ಅಂತ ಬೀಗುತ್ತಿದ್ದಳು.

ಡೆಲಿಯಾ ಮೀನಿನ ವ್ಯಾನು ಓಡಿಸುತ್ತಿದ್ದಳು. ಬಂಗುಡೆ, ಏಡಿ ತುಂಬಿಕೊಂಡು ಕಾನೆಮಾರಾದ ಆ ಕಲ್ಲುಗೋಡೆಗಳ ನಡುವಿನ ಇಕ್ಕಟ್ಟು ದಾರಿಗಳಲ್ಲಿ ಮನೆಮನೆಗೆ ಹೋಗುವಳು. ವ್ಯಾನಿಗೆ ಹಾರ್ನ್ ಇತ್ತು, ಆದರೆ ಅವಳ ಗಂಟಲಿದ್ದಾಗ ಅದು ಯಾಕೆ ಬೇಕು? ಗುಡ್ಡದಾಚೆ ಅವಳು ಕೂಗಿದರೆ ಈಚೆ ನಾವು ಬಾಣಲೆ ಒಲೆಗೆ ಇಡುತ್ತಿದ್ದೆವು. ಅವಳ ಅಣ್ಣಂದಿರೆಲ್ಲ ಹಡಗು ಹತ್ತಿ ಪರದೇಶಕ್ಕೆ ಹೋದವರು. ಅವಳಮ್ಮ ಊಟಕ್ಕೆ ಮೊದಲು ಪ್ರಾರ್ಥನೆಗೆ ಕುಳಿತಳೆಂದರೆ ಬಾಸ್ಟನ್ನಿನ ಮಗ, ಹಡರ್ಸ್‌ಫೀಲ್ಡಿನ ಮಗ, ಷಿಕಾಗೋದ ಭಾವ, ಪರ್ತ್‌ನ ಚಿಕ್ಕಮ್ಮನ ಮಕ್ಕಳು, ಹೀಗೆ ಭೂಗೋಳವನ್ನೆಲ್ಲ ಸುತ್ತಿ ಬರುವಷ್ಟರಲ್ಲಿ ತಟ್ಟೆಯ ಆಲೂಗಡ್ಡೆ ಆರಿ ತಣ್ಣಗಾಗುತ್ತಿತ್ತು. ಡೆಲಿಯಾ ಮಾತ್ರ ಗಾಲ್ವೇ ಪಟ್ಟಣ ದಾಟಿದವಳಲ್ಲ.

ನಮ್ಮ ಹೆಸರಿನ ಮೂಲದ ಬಗ್ಗೆ ಶಾಲೆಯ ಮೇಷ್ಟ್ರು ಒಂದು ಹೇಳುತ್ತಾರೆ, ಪಾದ್ರಿ ಇನ್ನೊಂದು. ನಾವು ಕೇಳಿ ಬೆಳೆದದ್ದು ಬೇರೆಯೇ. ಹಿಂದೆ ಯಾವುದೋ ಕಾಲದಲ್ಲಿ ಮಾಟ ಮಾಡಿ ನಮ್ಮ ಹಿರೀಕರನ್ನು ಕಡಲನಾಯಿಗಳನ್ನಾಗಿ ಮಾಡಿದರಂತೆ. ಅದೇ, ಬಂಡೆಯ ಮೇಲೆ ಬಿಸಿಲು ಕಾಯಿಸುತ್ತ ಮಲಗುತ್ತವಲ್ಲ, ಮೀಸೆಯ ಸೀಲ್‌ಗಳು. ಕೆಲವರು ಮತ್ತೆ ಮನುಷ್ಯರಾಗಿ ದಡಕ್ಕೆ ಬಂದರು, ಕೆಲವರು ಅಲ್ಲೇ ಉಳಿದರು. ಅದಕ್ಕೇ ಕನೀಲಿಯಾದವನು ಕಡಲನಾಯಿಯ ಮೇಲೆ ಕೈ ಎತ್ತುವಂತಿಲ್ಲ. ಎದುರು ದಡದ ಕ್ಯಾರಿಗ್‌ಬಾನ್‌ನವರೂ ಮೊದಲು ಕನೀಲಿಗಳೇ. ಎಣ್ಣೆಯ ಆಸೆಗೆ ಕಡಲನಾಯಿ ಕೊಂದು, ನಾಚಿಕೆಯಿಂದ ಹೆಸರು ತಿರುಚಿಕೊಂಡು ಕಾನಲಿಗಳಾದರು ಅಂತ ನಾವು ಹೇಳುತ್ತೇವೆ. "ಚರ್ಚಿನ ಪುಸ್ತಕದಲ್ಲಿ ಹೆಸ್ರು ಬರ್ಕೊಳೋವಾಗ ಪಾದ್ರಿ ಕೆಮ್ಮಿದ್ರು, ಅಷ್ಟೇ ಆಗಿದ್ದು" ಅಂತ ಅವರು ಹೇಳುತ್ತಾರೆ. ಈ ಜಗಳಕ್ಕೆ ನೂರು ವರ್ಷದ ಮೇಲಾಗಿದೆ. ಪ್ರತಿ ಬೇಸಿಗೆಯ ದೋಣಿ ಪಂದ್ಯದಲ್ಲಿ ಅದಕ್ಕೆ ಹೊಸ ಜೀವ ಬರುತ್ತದೆ.

ಡೆಲಿಯಾಳ ತಲೆಗೆ ಆ ಹುಚ್ಚು ಹತ್ತಿದ್ದು ಎಂಬತ್ತೈದನೇ ಇಸವಿಯಲ್ಲಿ, ಮೊಣಕಾಲು ತೋರಿಸಲು ಗಾಲ್ವೇಗೆ ಹೋದಾಗ. ನಾನೂ ಜೊತೆಗಿದ್ದೆ. ನರ್ಸು ಬಾಗಿಲಿಗೆ ಬಂದು "ಡೆಲಿಯಾ ಕನೀಲಿ" ಅಂದಳು. ಇವಳು ಎದ್ದಳು. ಮೂಲೆಯಲ್ಲಿ ಒಬ್ಬಳು ಮುದುಕಿ ಎದ್ದಳು. ಕಿಟಕಿಯ ಹತ್ತಿರ ಕೂತಿದ್ದ ನೀಲಿ ಟೋಪಿಯವಳೂ ಎದ್ದಳು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತರು.

"ನಿಮ್ಮಲ್ಲಿ ಮೊಣಕಾಲು ಯಾರದು?" ಅಂದಳು ನರ್ಸು.

"ಮೂರ್ ಜನಕ್ಕೂ ಇದೆಯಮ್ಮ, ಎರಡೆರಡು!" ಅಂದಳು ನಮ್ಮ ಡೆಲಿಯಾ.

ಮುದುಕಿ ಅರಾನ್ ದ್ವೀಪದವಳು. ನೀಲಿ ಟೋಪಿಯವಳು ಷಿಕಾಗೋದಿಂದ ರಜೆಗೆ ಬಂದವಳು. ಮೂವರೂ ಕೂತು ಅಜ್ಜಂದಿರನ್ನು ಹುಡುಕತೊಡಗಿದರೆ ನರ್ಸು ಕರೆದದ್ದು ಯಾರಿಗೂ ಕೇಳಿಸಲಿಲ್ಲ. ವಾಪಸು ಬರುವಾಗ ಡೆಲಿಯಾ ಸ್ಟಿಯರಿಂಗ್ ಮೇಲೆ ಗುದ್ದಿ ಗುದ್ದಿ ಹೇಳಿದಳು: "ಸಬೀನಾ, ಇನ್ನೆಷ್ಟು ಜನ ಇರ್ಬೇಕೇ? ಎಲ್ಲೆಲ್ಲಿ ಕೂತಿದಾರೋ! ಎಲ್ರನ್ನೂ ಕರೀತೀನಿ ನೋಡು. ಒಂದ್ಸಲ ಎಲ್ರೂ ನಮ್ಮ ದಕ್ಕೆ ಮೇಲೆ ನಿಲ್ಬೇಕು!"

"ನಿಧಾನ ಮಾರಾಯ್ತಿ, ಮೊದ್ಲು ರಸ್ತೆ ನೋಡು" ಅಂದೆ ನಾನು.

ಆ ಚಳಿಗಾಲ ಅವಳು ಫೋನು ಬಿಟ್ಟು ಏಳಲಿಲ್ಲ. ಅಣ್ಣಂದಿರಿಗೆ ಹೇಳಿದಳು, ಅವರು ಅವರ ಷಡ್ಡಕರಿಗೆ ಹೇಳಿದರು. ಯಾವ್ಯಾವ ಊರಿನ ಐರಿಷ್ ಪಬ್ಬಿನ ಗೋಡೆಗೋ ಚೀಟಿ ಅಂಟಿಸಿದರು: 'ಕನೀಲಿಗಳೇ, ಆಗಸ್ಟಿನಲ್ಲಿ ಮನೆಗೆ ಬನ್ನಿ.'

ಬಂದರು ನೋಡಿ! ಬಸ್ಸುಗಟ್ಟಲೆ ಬಂದರು. ಬಾಸ್ಟನ್ನಿನ ಅಗ್ನಿಶಾಮಕದವರು, ಹಡರ್ಸ್‌ಫೀಲ್ಡಿನ ಗಾರೆಯವರು, ಪರ್ತ್‌ನಿಂದ ಒಬ್ಬ ದಂತವೈದ್ಯ. ಒಬ್ಬೊಬ್ಬರು ಹೆಸರು ಒಂದೊಂದು ಥರ ಬರೆಯುತ್ತಿದ್ದರು. ಆದರೆ ಮುಖ ಮಾತ್ರ ನಮ್ಮವೇ. ಅದೇ ಗಿಡ್ಡ ಮೂಗು, ಅದೇ ಅಗಲ ಕಿವಿ. ಊರ ಹೆಂಗಸರು ಏಡಿ ಬೇಯಿಸಿ, ಸೋಡಾ ಬ್ರೆಡ್ಡು ಸುಟ್ಟು ಸುಸ್ತಾದರು. ಡೆಲಿಯಾ ಒಬ್ಬಳಿಗೆ ಮಾತ್ರ ನೆಲದ ಮೇಲೆ ಕಾಲಿಲ್ಲ.

ಪಂದ್ಯದ ದಿನ ಬೆಳಗ್ಗೆ ಅನಾಹುತವಾಯಿತು. ಹೆಂಗಸರ ಪಂದ್ಯದಲ್ಲಿ ದೋಣಿಗೆ ಮೂವರು. ಡೆಲಿಯಾ, ನಾನು ಮತ್ತು ಅವಳ ಚಿಕ್ಕಪ್ಪನ ಮಗಳು ಪೆಗ್. ಪೆಗ್ ಪಾಚಿಯ ಮೆಟ್ಟಿಲ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡಳು. ನಮ್ಮ ಎದುರಾಳಿ ದೋಣಿಯ ಮುಂದಾಳು ಕ್ಯಾರಿಗ್‌ಬಾನ್‌ನ ಅಟ್ರಾಕ್ಟಾ ಕಾನಲಿ. ಪಬ್ಬಿನ ಯಜಮಾನಿ, ಪೀಪಾಯಿ ಎತ್ತಿ ಎತ್ತಿ ಭುಜ ಬೆಳೆಸಿದವಳು. ಪೆಗ್‌ಳ ಕೈ ನೋಡಿ "ಅಯ್ಯೋ ಪಾಪ" ಅಂದಳು. ಕಣ್ಣಲ್ಲಿ ಮಾತ್ರ ದೀಪ ಹಚ್ಚಿದ ಹಾಗೆ ಸಂತೋಷ.

"ಕನೀಲಿ ಅಲ್ದೋರು ನಿಮ್ಮ ದೋಣಿ ಹತ್ತೋ ಹಾಗಿಲ್ಲ ಡೆಲಿಯಾ. ನಿಯಮ ನಿಮ್ಮಜ್ಜಂದೇ."

ಊರಲ್ಲಿ ಹುಟ್ಟು ಹಾಕುತ್ತಿದ್ದ ಹೆಂಗಸರು ನಾವು ಮೂವರೇ, ಬಂದ ನೆಂಟರಲ್ಲಿ ಒಬ್ಬ ಹೆಂಗಸಿಗೂ ಹುಟ್ಟು ಹಿಡಿದು ಗೊತ್ತಿರಲಿಲ್ಲ. ಡೆಲಿಯಾ ದಕ್ಕೆಯ ಕಂಬ ಹತ್ತಿ, ಎದೆಯೆಲ್ಲ ಗಾಳಿ ತುಂಬಿಕೊಂಡು ಕೂಗಿದಳು: "ದೋಣಿ ನಡೆಸಕ್ ಬರೋ ಕನೀಲಿ ಹೆಂಗಸರು ಯಾರಾದ್ರೂ ಇದೀರೇನ್ರೇ?"

ಜನರ ಹಿಂದಿನಿಂದ ಒಂದು ಕೈ ಮೇಲಕ್ಕೆದ್ದಿತು. ಆಗಷ್ಟೇ ಬಸ್ಸಿಳಿದು ಬಂದವಳು, ಚೀಲ ಇನ್ನೂ ಹೆಗಲ ಮೇಲೇ ಇತ್ತು. ನಲವತ್ತರ ಆಸುಪಾಸು, ಕಂದು ಮೈಬಣ್ಣ, ದಟ್ಟ ಕಪ್ಪು ಕೂದಲು, ತೊಲೆಯಂಥ ತೋಳು.

"ನಾನು ಹುಯಾ. ನ್ಯೂಜಿಲೆಂಡಿನ ದಕ್ಷಿಣದ ತುದಿಯ ಬ್ಲಫ್ ಊರಿಂದ. ಮಾವೋರಿ, ಅಲ್ಲಿನ ಮೂಲದ ಜನ. ಸಿಂಪಿ ಹಿಡಿಯೋ ದೋಣೀಲಿ ಚಿಕ್ಕಂದಿನಿಂದ ಹುಟ್ಟು ಹಾಕಿದೀನಿ. ಲಂಡನ್ನಿಗೆ ತಂಗಿ ಮನೆಗೆ ಬಂದಿದ್ದೆ, ಅಲ್ಲೊಂದು ಪಬ್ಬಲ್ಲಿ ನಿಮ್ಮ ಚೀಟಿ ಓದ್ದೆ. ನಮ್ಮನೆ ಹೆಸ್ರು ಕೊನೇರಿ."

"ಕೊನೇರಿ!" ಅಟ್ರಾಕ್ಟಾ ಚಪ್ಪಾಳೆ ಹೊಡೆದು ನಕ್ಕಳು. "ಅದು ಯಾವ ಸೀಮೆ ಕನೀಲಿನೇ ತಾಯಿ?"

"ನಿನ್ನ ಕಾನಲಿ ಯಾವ ಸೀಮೇದೋ ಅದೇ ಸೀಮೇದು!" ಡೆಲಿಯಾ ಕಂಬದ ಮೇಲಿಂದಲೇ ಗದರಿದಳು. ಆದರೆ ನಮ್ಮವರಲ್ಲೂ ಗುಸುಗುಸು ಎದ್ದಿತ್ತು. ಮುದುಕ ಬಾರ್ಟ್ಲಿ ಅಂತೂ "ಮೈಬಣ್ಣ ನೋಡಿದ್ರೆ..." ಅಂತ ಶುರು ಮಾಡಿದ. ಅವನ ಹೆಂಡತಿ ಕಾಲು ತುಳಿದು ಬಾಯಿ ಮುಚ್ಚಿಸಿದಳು.

ತೀರ್ಪು ಹೇಳಬೇಕಾದವನು ಫೇಹೀನ್ ಓಟೂಲ್, ಎರಡೂ ಕಡೆ ಸೇರದ ಹಳೇ ಬೆಸ್ತ. ಪೈಪು ಬಾಯಿಂದ ತೆಗೆದು ಮೆತ್ತಗೆ ಕೇಳಿದ: "ಆ ಹೆಸ್ರು ನಿಮ್ಮನೆಗೆ ಹೆಂಗೆ ಬಂತು, ಹೇಳಮ್ಮ."

ಹುಯಾ ಚೀಲ ಕೆಳಗಿಟ್ಟಳು. "ನಮ್ಮಜ್ಜನ ಅಜ್ಜ ಐರ್ಲೆಂಡಿನ ಹುಡುಗನಂತೆ. ಸೀಲ್ ಬೇಟೆ ಹಡಗಲ್ಲಿ ನಮ್ಮ ಕಡೆ ಬಂದಿದ್ದ. ಏನ್ ಕೆಲಸ ಅಂತ ಹೇಳದೇನೇ ಹತ್ತಿಸ್ಕೊಂಡಿದ್ರು. ಬಂಡೆ ಮೇಲೆ ಇಳಿಸಿ, ಕೈಗೆ ದೊಣ್ಣೆ ಕೊಟ್ಟು, ಹೊಡಿ ಅಂದ್ರು. ಅವನು ದೊಣ್ಣೇನ ಸಮುದ್ರಕ್ಕೆ ಎಸ್ದ. ಕ್ಯಾಪ್ಟನ್ ಸಿಟ್ಟಿಗೆದ್ದು ಅವನನ್ನ ಅಲ್ಲೇ ಬಿಟ್ಟು ಹೋದ. ನಮ್ಮೋರು ಎತ್ಕೊಂಡು ಬಂದು ಸಾಕಿದ್ರು, ಹೆಣ್ಣು ಕೊಟ್ರು. ನಮ್ಮ ಭಾಷೇಲಿ 'ಲ' ಇಲ್ಲ. ಅದಕ್ಕೇ ಕನೀಲಿ ಹೋಗಿ ಕೊನೇರಿ ಆಯ್ತು."

ಅಟ್ರಾಕ್ಟಾ ಈಗ ನಗುತ್ತಿರಲಿಲ್ಲ.

"ಯಾಕೆ ಹೊಡೀಲಿಲ್ಲ ಅಂತ ಹೇಳಿದ್ನಾ?" ಫೇಹೀನ್ ಕೇಳಿದ.

"ಅದು ಯಾರ್ಗೂ ಗೊತ್ತಿಲ್ಲ. ಆದ್ರೆ ಇವತ್ತಿಗೂ ನಮ್ಮನೆ ಮಕ್ಕಳು ಸೀಲ್‌ಗೆ ಕಲ್ಲೆಸೆದ್ರೆ ಅಜ್ಜಿ ಬೆನ್ನು ಮುರೀತಾಳೆ. ಯಾಕಜ್ಜಿ ಅಂದ್ರೆ, 'ಅವು ನಮ್ಮೋರು ಕಣೇ' ಅಂತಾಳೆ. ಅಷ್ಟೇ ಅವಳಿಗೂ ಗೊತ್ತಿರೋದು."

ಆ ಹುಡುಗ ನಮ್ಮ ಯಾವುದೋ ಮನೆಯ ಬಾಗಿಲು ದಾಟಿ ಹೋದವನು. ಅವನು ಸತ್ತನೆಂದುಕೊಂಡು ಯಾವ ತಾಯಿ ಅತ್ತಿದ್ದಳೋ. ಅವನ ಮೊಮ್ಮಗನ ಮೊಮ್ಮಗಳು, ನಮ್ಮ ಕಥೆ ಕೇಳದವಳು, ನಮ್ಮ ಮಾತನ್ನೇ ಭೂಮಿಯ ಆ ಕೊನೆಯಿಂದ ಹೊತ್ತು ತಂದು ನಮ್ಮೆದುರು ಇಟ್ಟಿದ್ದಳು. ಮುದುಕ ಬಾರ್ಟ್ಲಿ ಟೋಪಿ ತೆಗೆದ. ಅಟ್ರಾಕ್ಟಾ ಶಿಲುಬೆಯ ಗುರುತು ಮಾಡಿಕೊಂಡಳು. ಡೆಲಿಯಾ ಕಂಬದಿಂದ ಧುಮುಕಿ ಹುಯಾಳನ್ನು ಬಾಚಿ ತಬ್ಬಿಕೊಂಡು ಹಾಕಿದ ಕೇಕೆಗೆ ಗೂಡಿನ ಹಕ್ಕಿಗಳೆಲ್ಲ ಮೇಲೆದ್ದವು.

"ಇವಳು ಕನೀಲಿ ಅಲ್ದೇ ಹೋದ್ರೆ ಈ ಊರಲ್ಲಿ ಯಾರೂ ಅಲ್ಲ" ಅಂದ ಫೇಹೀನ್. "ಹತ್ತಿ ದೋಣಿ!"

"ಸರಿಯಪ್ಪ, ಕನೀಲೀನೇ" ಅಂದಳು ಅಟ್ರಾಕ್ಟಾ, ತೋಳು ಮಡಚುತ್ತ. "ಆದ್ರೂ ಸೋಲಿಸ್ತೀವಿ."

ನಮ್ಮ ಕರಕ್ ದೋಣಿ ಹಗುರ. ಮರದ ಹಂದರಕ್ಕೆ ಕ್ಯಾನ್ವಾಸು ಸುತ್ತಿ ಟಾರು ಬಳಿದದ್ದು. ಹುಟ್ಟಿಗೆ ಅಗಲ ಅಲಗಿಲ್ಲ, ಕೋಲಿನ ಹಾಗೆ ಸಪೂರ. ಹುಯಾ ಕೈಗೆ ತೆಗೆದುಕೊಂಡು "ಇದೇನು, ಗಂಜಿ ತಿರುವಕ್ಕಾ?" ಅಂದಳು. ಶಿಳ್ಳೆ ಊದಿದಾಗ ಅವಳು ಮೊದಲ ಏಟಿಗೇ ನೀರೆತ್ತಿ ನನ್ನ ಮುಖಕ್ಕೆ ಹೊಡೆದಳು. ಅಷ್ಟರಲ್ಲಿ ಕಾನಲಿಗಳು ಎರಡು ದೋಣಿಯುದ್ದ ಮುಂದೆ.

"ಎಳೀರೇ! ನಿಮ್ಮಜ್ಜಿ ಆಣೆ, ಎಳೀರೇ!" ಡೆಲಿಯಾ ಹಿಂದಿನಿಂದ ಅರಚುತ್ತಿದ್ದಳು. ಹುಯಾ ತನ್ನ ಭಾಷೆಯಲ್ಲಿ ಏನೋ ಲಯ ಹಿಡಿದು ಕೂಗತೊಡಗಿದಳು. ಅರ್ಥ ಯಾರಿಗೆ ಬೇಕಿತ್ತು? ಆ ಲಯಕ್ಕೆ ನಮ್ಮ ಬೆನ್ನು ತಾನಾಗಿಯೇ ಬಾಗಿತು, ಎದ್ದಿತು. ನಡುಗಡಲ ಬಂಡೆ ಸುತ್ತಿ ತಿರುಗುವಾಗ ಅಲೆ ಒಳಗೆ ನುಗ್ಗಿತು, ನಾನು ಸತ್ತೆನೆಂದುಕೊಂಡೆ. ತಿರುಗಿದ ಮೇಲೆ ನೋಡಿದರೆ ಅಟ್ರಾಕ್ಟಾಳ ಕೆಂಪು ಮುಖ ನಮ್ಮ ಪಕ್ಕದಲ್ಲೇ! ಅವಳು ನಮ್ಮನ್ನು ಬಯ್ಯುತ್ತ ಎಳೆಯುತ್ತಿದ್ದಳು, ಡೆಲಿಯಾ ಅವಳನ್ನು ಬಯ್ಯುತ್ತ. ದಕ್ಕೆಯ ಮೇಲೆ ಬಾಸ್ಟನ್ನು, ಪರ್ತು, ಹಡರ್ಸ್‌ಫೀಲ್ಡು ಎಲ್ಲ ಒಂದೇ ಗಂಟಲಲ್ಲಿ "ಕನೀಲಿ! ಕನೀಲಿ!" ಅಂತ ಕುಣಿಯುತ್ತಿತ್ತು.

ಸೋತೆವು. ದೋಣಿಯ ಮೂತಿಯಷ್ಟೇ ಅಂತರದಲ್ಲಿ. ಆದರೆ ಸೋತವರು ನಾವೆಂದು ಆ ದಿನ ನೋಡಿದವರು ಯಾರೂ ಹೇಳುತ್ತಿರಲಿಲ್ಲ. ಡೆಲಿಯಾಳನ್ನೂ ಹುಯಾಳನ್ನೂ ಜನ ಹೆಗಲ ಮೇಲೆ ಹೊತ್ತು ಊರೆಲ್ಲ ಸುತ್ತಿಸಿದರು. ಅಟ್ರಾಕ್ಟಾ ಬಹುಮಾನವಾಗಿ ಗೆದ್ದ ಬೇಯಿಸಿದ ಹಂದಿತೊಡೆಯನ್ನು ಅಲ್ಲೇ ಕತ್ತರಿಸಿ, ಮೊದಲ ತುಂಡು ಹುಯಾಳ ಬಾಯಿಗೆ ತುರುಕಿದಳು. "ತಿನ್ನು. ಮುಂದಿನ ವರ್ಷ ನಮ್ಮ ದೋಣಿಗೆ ಬಾರೇ. ಹೆಸ್ರು ಇನ್ನೊಂಚೂರು ತಿರುಚಿದ್ರಾಯ್ತು."

"ಮುಟ್ಟಿ ನೋಡು ಅವಳನ್ನ!" ಅಂದಳು ಡೆಲಿಯಾ, ಬಾಯಿ ತುಂಬ ಹಂದಿತೊಡೆ.

ಎರಡು ವರ್ಷದ ಮೇಲೆ, ಗಾಲ್ವೇ ದಾಟದವಳು ವಿಮಾನ ಹತ್ತಿ ಬ್ಲಫ್‌ಗೆ ಹೋದಳು. ಟಿಕೆಟ್ಟು ಅಣ್ಣಂದಿರು ತೆಗೆದರು. ಅಲ್ಲಿಂದ ಫೋನು ಮಾಡಿದಾಗ ಮಾತೇ ಹೊರಡುತ್ತಿರಲಿಲ್ಲ. ಡೆಲಿಯಾಗೆ! "ಸಬೀನಾ, ಮುದುಕಿ ಬದುಕಿದಾಳೆ ಕಣೇ. ಹುಯಾ ಅಜ್ಜಿ. ಮೂಗಿಗೆ ಮೂಗು ಒತ್ತಿ ನಿಂತ್ಕೊಂಡ್ಳು, ಅವರ ನಮಸ್ಕಾರ ಹಾಗೇ ಅಂತೆ, ಬಿಡ್ಲೇ ಇಲ್ಲ. ಯಾಕೆ ಕಲ್ಲು ಎಸೀಬಾರ್ದು ಅಂತ ನಾನೇ ಕೂತು ಹೇಳ್ದೆ ಅವಳಿಗೆ. ಇಷ್ಟು ವರ್ಷ ಆ ಮಾತು ಕಾಯ್ಕೊಂಡಿದ್ಲಲ್ಲ, ಕಾರಣ ಗೊತ್ತಿಲ್ದೇನೇ!" ಆಮೇಲೆ ಅತ್ತಳು, ಆಮೇಲೆ ನಕ್ಕಳು, ಆಮೇಲೆ ಹಸಿ ಸಿಂಪಿ ತಿಂದದ್ದನ್ನು ವರ್ಣಿಸಿದಳು.

ಹುಯಾಳ ಮಗ ತಮಾ ನಮ್ಮ ಕಡೆಯ ಮೀನುದೋಣಿಗಳಲ್ಲಿ ದುಡಿಯಲು ಬಂದವನು ಇಲ್ಲೇ ನಿಂತ. ಮದುವೆಯಾದದ್ದು ಯಾರನ್ನು ಅಂದುಕೊಂಡಿರಿ? ಅಟ್ರಾಕ್ಟಾಳ ಕಿರಿ ಮಗಳನ್ನು. ಮಗುವಿನ ದೀಕ್ಷಾಸ್ನಾನದ ದಿನ ಚರ್ಚಿನ ಮುಂದೆ ದೊಡ್ಡ ರಂಪ. ಮಗುವಿನ ಮನೆತನದ ಹೆಸರು 'ಕಾನಲಿ' ಆಗಬೇಕೆಂದಳು ಅಜ್ಜಿ ಅಟ್ರಾಕ್ಟಾ, 'ಕನೀಲಿ' ಆಗಬೇಕೆಂದಳು ಧರ್ಮತಾಯಿಯಾಗಿ ನಿಂತ ಡೆಲಿಯಾ. ಫಾದರ್ ಮ್ಯಾಲಕಿ ಕಿವಿ ಮುಚ್ಚಿಕೊಂಡರು.

"ಅಪ್ಪನ್ನ ಕೇಳಿ" ಅಂದರು.

ತಮಾ ಮಗಳನ್ನು ಎದೆಗೊತ್ತಿಕೊಂಡು "ಕೊನೇರಿ" ಅಂದ.

"ಹೆಂಗೆ ಬರೀಬೇಕು ಅದನ್ನ?"

ಇಬ್ಬರು ಮುದುಕಿಯರೂ ಒಟ್ಟಿಗೇ ಬಾಯಿ ಹಾಕಿದರು. ಒಬ್ಬೊಬ್ಬಳದು ಒಂದೊಂದು ಥರ, ಎರಡೂ ತಪ್ಪು. ಮಗು ತಲೆಗೆ ನೀರು ಬಿದ್ದದ್ದೇ ತಡ, ಚರ್ಚಿನ ಗಾಜು ಅದುರುವ ಹಾಗೆ ಕಿರುಚಿತು. "ಗಂಟಲು ನಮ್ದೇ!" ಅಂತ ಡೆಲಿಯಾ ಚರ್ಚೆಂಬುದನ್ನೂ ಮರೆತು ಎರಡು ಕೈ ಮೇಲೆತ್ತಿದಳು.